ಮನೆಮಂದಿ ಜೊತೆ ರೋಮ್‌ನಲ್ಲಿ ಒಂದು ದಿನದ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಮೇ ತಿಂಗಳಲ್ಲಿ ನಾವು ಐದು ಜನ ರೋಮ್‌ಗೆ ಹೋಗಿ ಬಂದೆವು. ನಾನು, ನಮ್ಮವರು, 68 ವರ್ಷದ ಅತ್ತೆ, 14ರ ಮಗ, 9ರ ಮಗಳು. ಮಡಿಕೇರಿಗೆ ಬಂದ ಮೇಲೆ ಶುಕ್ರವಾರದ ಸಂತೆಯಲ್ಲಿ, ಮದುವೆ ಮನೆಗಳಲ್ಲಿ, ಫೋನಿನಲ್ಲಿ ಎಲ್ಲರೂ ಕೇಳುವುದು ಹೆಚ್ಚಾಗಿ ಒಂದೇ ದಿನದ ಬಗ್ಗೆ. ಬೆಳಿಗ್ಗೆ 7ಕ್ಕೆ ಹೊರಟು ರಾತ್ರಿ 9:30ಕ್ಕೆ ರೂಮು ಸೇರಿದ ದಿನ ಅದು. ನಮ್ಮವರ ಫೋನು 24 ಸಾವಿರ ಚಿಲ್ಲರೆ ಹೆಜ್ಜೆ ತೋರಿಸುತ್ತಿತ್ತು. ಅತ್ತೆ ಊಟ ಬೇಡ ಅಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಅದು ನನಗೆ ಇವತ್ತಿಗೂ ನೋವು. ಇನ್ನೊಂದು ಮನೆಯ ಹಿರಿಯರು ಹಾಗೆ ಮಲಗಬಾರದು ಎಂದು ಇಷ್ಟು ಬರೆದಿದ್ದೇನೆ.

## ಹೊರಡುವ ಮೊದಲು

ರೋಮೇ ಯಾಕೆ? ದುಬೈ, ಸಿಂಗಾಪುರ ಹತ್ತಿರ ಇತ್ತಲ್ವಾ?

ಮಗನಿಗೆ ಪಾಠದಲ್ಲಿ ಓದಿದ ಕೊಲೋಸಿಯಂ ನೋಡಬೇಕಿತ್ತು. ನಮ್ಮವರ ಕಾರಣ ಬೇರೆ. ಭಾರತದ ಕಾಫಿಯನ್ನು ಜಾಸ್ತಿ ಕೊಳ್ಳುವ ದೇಶ ಇಟಲಿ. ನಮ್ಮ ಕಣದಲ್ಲಿ ಒಣಗಿ, ಚೀಲ ಸೇರಿ, ಲಾರಿ ಹತ್ತಿದ ಬೀಜ ಕೊನೆಗೆ ಯಾರ ಬಟ್ಟಲು ಸೇರುತ್ತದೆ ಎಂದು ಒಂದು ಸಲ ಕಣ್ಣಾರೆ ನೋಡಬೇಕು ಅನ್ನುತ್ತಿದ್ದರು. ಇನ್ನೊಂದು, ರೋಮ್‌ನ ಹಳೇ ಊರು ಚಿಕ್ಕದು. ಮುಖ್ಯವಾದ ಜಾಗಗಳೆಲ್ಲ ಮೂರು ನಾಲ್ಕು ಕಿಲೋಮೀಟರ್ ಒಳಗೇ ಸಿಗುತ್ತವೆ. ನಡೆದೇ ಮುಗಿಸಬಹುದು ಎಂಬ ಧೈರ್ಯ ಬಂದದ್ದು ಅದರಿಂದ.

ಕೊಡಗಿಂದ ಹೋಗೋದು ಹೇಗೆ? ವೀಸಾ ಕಷ್ಟನಾ?

ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ಕಾರಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಒಂದು ಕಡೆ ವಿಮಾನ ಬದಲಿಸಿ ಹೋದೆವು. ವೀಸಾ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದ ಒಳಗಿನ ಮಕ್ಕಳಿಗೆ 45. ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, ಒಂದು ದಿನ ಅದಕ್ಕೇ ಇಟ್ಟುಕೊಳ್ಳಿ.

ತೋಟ ಬಿಟ್ಟು ಯಾವ ತಿಂಗಳು ಹೋಗ್ಬಹುದು?

ಮೇ ಮೊದಲ ಮೂರು ವಾರ. ರೋಬಸ್ಟಾ ಜಾತಿಯ ಕಾಫಿಯ ಕೊಯ್ಲು ಮುಗಿದಿರುತ್ತದೆ, ಕರಿಮೆಣಸು ಒಣಗಿಸಿ ಆಗಿರುತ್ತದೆ, ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂ ಮಳೆ ಬಂದು ಹೋಗಿರುತ್ತದೆ. ಮಕ್ಕಳಿಗೂ ರಜೆ. ಮುಂಗಾರು ಹಿಡಿಯುವ ಮೊದಲು ಮನೆ ಸೇರಬಹುದು. ಜುಲೈ, ಆಗಸ್ಟ್ ಬೇಡವೇ ಬೇಡ. ಇಲ್ಲಿ ಜಡಿಮಳೆ, ಅಲ್ಲಿ ಸುಡು ಬಿಸಿಲು.

ಇಳಿದ ಮಾರನೇ ದಿನವೇ ಸುತ್ತೋಕೆ ಹೊರಡ್ಬಹುದಾ?

ನಾವು ಮಾಡಿದ ಮೊದಲ ತಪ್ಪು ಇದೇ. ಬೇಸಿಗೆಯಲ್ಲಿ ರೋಮ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಮನೆಯಲ್ಲಿ ಬೆಳಿಗ್ಗೆ 6ಕ್ಕೆ ಏಳುವ ಅತ್ತೆಗೆ ಅಲ್ಲಿ ರಾತ್ರಿ 2:30ಕ್ಕೇ ಎಚ್ಚರವಾಯಿತು. ಎದ್ದು ಕೂತು, ಕತ್ತಲಲ್ಲಿ ಕಿಟಕಿ ನೋಡುತ್ತಾ ಬೆಳಗು ಮಾಡಿದ್ದಾರೆ. ಯಾರಿಗೂ ಹೇಳಲಿಲ್ಲ. ಅವರು ಹೆಜ್ಜೆ ಇಡುವ ಮೊದಲೇ ಅರ್ಧ ಸುಸ್ತಾಗಿದ್ದರು ಎಂದು ನಮಗೆ ಗೊತ್ತಾದದ್ದು ಆಮೇಲೆ. ಮೊದಲ ಪೂರ್ತಿ ದಿನ ಸುಮ್ನೆ ರೂಮಿನ ಹತ್ತಿರದ ಬೀದಿಯಲ್ಲಿ ಓಡಾಡಿ. ದೊಡ್ಡ ನಡಿಗೆ ಮೂರನೇ ದಿನಕ್ಕೆ ಇರಲಿ.

## ಆ ದಿನ

ಒಟ್ಟು ಎಲ್ಲೆಲ್ಲಿ ನಡೆದ್ರಿ?

ರೂಮು ಇದ್ದದ್ದು ಟೆರ್ಮಿನಿ ರೈಲು ನಿಲ್ದಾಣದ ಹತ್ತಿರ. ಅಲ್ಲಿಂದ ಕೊಲೋಸಿಯಂ, ಅದರ ಪಕ್ಕದ ಪ್ಯಾಲಟೈನ್ ಗುಡ್ಡ, ಕೆಳಗೆ ಹಳೇ ರೋಮ್‌ನ ಮುಖ್ಯ ಚೌಕವಾಗಿದ್ದ ರೋಮನ್ ಫೋರಂ. ಊಟ. ಆಮೇಲೆ ಪಿಯಾಝಾ ವೆನೆಝಿಯಾ ಎಂಬ ಚೌಕ ದಾಟಿ, ದೊಡ್ಡ ಗುಮ್ಮಟದ ಹಳೇ ದೇವಾಲಯ ಪ್ಯಾಂಥಿಯನ್. ಅಲ್ಲಿಂದ ನವೋನಾ ಚೌಕ, ಟ್ರೆವಿ ಕಾರಂಜಿ, ಸ್ಪ್ಯಾನಿಷ್ ಮೆಟ್ಟಿಲು, ಮತ್ತೆ ವಾಪಸ್ ಟೆರ್ಮಿನಿ.

ನಕ್ಷೆಯಲ್ಲಿ ಇದು ಏಳೆಂಟು ಕಿಲೋಮೀಟರ್. ಅಷ್ಟೇ ಅಲ್ವಾ ಅಂದುಕೊಂಡೆವು. ನಕ್ಷೆ ಹೇಳುವುದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಇರುವ ದೂರ ಮಾತ್ರ. ಬಾಗಿಲ ಒಳಗಿನ ನಡಿಗೆ ಅದರಲ್ಲಿ ಇಲ್ಲ. ಕೊಲೋಸಿಯಂ ಒಳಗೆ ಒಂದು ಸುತ್ತು, ಗುಡ್ಡ ಹತ್ತಿ ಇಳಿದದ್ದು, ದಾರಿ ತಪ್ಪಿದ್ದು, ಶೌಚಾಲಯ ಹುಡುಕಿದ್ದು ಎಲ್ಲ ಸೇರಿ ಎರಡರಷ್ಟಾಯಿತು. ನೀವು ಲೆಕ್ಕ ಹಾಕುವಾಗ ನಕ್ಷೆಯ ದೂರವನ್ನು ಎರಡರಿಂದ ಗುಣಿಸಿ.

ದಿನಾ ತೋಟ ಸುತ್ತೋರು ನೀವು. ಅಷ್ಟಕ್ಕೇ ಸುಸ್ತಾಯ್ತಾ?

ಎಲ್ಲಕ್ಕಿಂತ ಜಾಸ್ತಿ ಬಂದ ಪ್ರಶ್ನೆ ಇದು. ನಾನೂ ಹಾಗೇ ನಂಬಿದ್ದೆ. ಅತ್ತೆ ಇವತ್ತಿಗೂ ಬೆಳಿಗ್ಗೆ ಇಳಿಜಾರು ತೋಟದಲ್ಲಿ ಒಂದು ಸುತ್ತು ಹಾಕಿ ಬರುತ್ತಾರೆ. ನಡಿಗೆ ಅವರಿಗೆ ಹೊಸದಲ್ಲ.

ಆದರೆ ತೋಟದ ನಡಿಗೆಯೇ ಬೇರೆ. ಕಾಲ ಕೆಳಗೆ ಮಣ್ಣು, ಮಣ್ಣಿನ ಮೇಲೆ ತರಗೆಲೆ. ಹೆಜ್ಜೆ ಇಟ್ಟರೆ ನೆಲ ಸ್ವಲ್ಪ ತಗ್ಗುತ್ತದೆ. ತಲೆ ಮೇಲೆ ಸಿಲ್ವರ್ ಮರ, ಹಲಸು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬೇಕೆಂದಲ್ಲಿ ಕಲ್ಲಿನ ಮೇಲೆ ಕೂರಬಹುದು. ರೋಮ್‌ನ ಹಳೇ ಬೀದಿಗಳಿಗೆ ಹಾಸಿರುವುದು ಜ್ವಾಲಾಮುಖಿಯ ಕಪ್ಪು ಕಲ್ಲಿನ ಚಿಕ್ಕ ಚಿಕ್ಕ ಚೌಕಗಳು. ಸಾಂಪಿಯೆತ್ರಿನಿ ಅನ್ನುತ್ತಾರೆ. ಒಂದೊಂದು ಕಲ್ಲಿನ ನೆತ್ತಿ ಒಂದೊಂದು ಕಡೆ ವಾಲಿರುತ್ತದೆ. ನಡುವೆ ಬೆರಳು ತೂರುವಷ್ಟು ಸಂದು. ಪಾದ ಪ್ರತಿ ಹೆಜ್ಜೆಗೂ ಒಂದಿಷ್ಟು ಹೊರಳುತ್ತದೆ. ಸಂಜೆ ಹೊತ್ತಿಗೆ ನೋವು ಬಂದದ್ದು ತೊಡೆಗಲ್ಲ, ಹರಡಿಗೆ ಮತ್ತು ಅಂಗಾಲಿಗೆ.

ನಡೆದದ್ದಕ್ಕಿಂತ ನಿಂತದ್ದು ಜಾಸ್ತಿ ದಣಿಸಿತು. ತಪಾಸಣೆಯ ಸಾಲು, ಟಿಕೆಟ್ಟಿನ ಸಾಲು, ಫೋಟೋಗೆ ನಿಂತದ್ದು, ಯಾರೋ ಒಬ್ಬರು ಬರಲಿ ಎಂದು ಕಾದದ್ದು. ತೋಟದಲ್ಲಿ ಯಾರೂ ಹಾಗೆ ಬಿಸಿಲಲ್ಲಿ ಮುಕ್ಕಾಲು ಗಂಟೆ ಅಲುಗದೆ ನಿಲ್ಲುವುದಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ಮೇ ತಿಂಗಳಲ್ಲಿ ರೋಮ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 8 ದಾಟಿದ ಮೇಲೆ. ನಮಗೆ ಕತ್ತಲಾದರೆ ಮನೆ ಸೇರುವ ಅಭ್ಯಾಸ. ಅಲ್ಲಿ ಕತ್ತಲೇ ಆಗಲಿಲ್ಲ. ಸಾಕು ಎಂದು ಆಕಾಶ ಹೇಳಲಿಲ್ಲ, ನಾವೂ ನಿಲ್ಲಿಸಲಿಲ್ಲ. ಹೊರಗೆ ಬೆಳಕಿದ್ದರೂ ಸಂಜೆ 6ಕ್ಕೆ ದಿನ ಮುಗಿಯಿತು ಎಂದು ಬೆಳಿಗ್ಗೆಯೇ ತೀರ್ಮಾನ ಮಾಡಿ.

ಕಾಲಿಗೆ ಏನು ಹಾಕ್ಕೊಂಡು ಹೋಗ್ಬೇಕು?

ಹಳೇ ಶೂ. ಕನಿಷ್ಠ ಎರಡು ತಿಂಗಳು ಹಾಕಿ ಪಳಗಿದ್ದು, ತಳ ದಪ್ಪ ಇರುವುದು. ಮಗಳಿಗೆ ಪ್ರವಾಸಕ್ಕೆಂದೇ ಹೊಸ ಶೂ ಕೊಡಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯ ಮೇಲೆ ಎಂಟಾಣೆ ಅಗಲದ ಬೊಬ್ಬೆ ಎದ್ದಿತ್ತು. ಸಾಕ್ಸ್ ಬಿಚ್ಚಿದಾಗ ಅದರ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು. ಹಸಿರು ಕ್ರಾಸ್ ದೀಪ ಇರುವ ಮೆಡಿಕಲ್ ಶಾಪಿನಲ್ಲಿ ಬೊಬ್ಬೆಗೆಂದೇ ಮಾಡಿದ ಪಟ್ಟಿ ಸಿಗುತ್ತದೆ, ಅದನ್ನು ಹಾಕಿದೆವು. ಅತ್ತೆಯದು ಸೀರೆಗೆ ಹೊಂದುವ ತೆಳು ತಳದ ಚಪ್ಪಲಿ. ಮಾರನೇ ದಿನ ಬೆಲ್ಟ್ ಇರುವ ಸ್ಯಾಂಡಲ್ ಕೊಡಿಸಿದೆವು. ಊರಲ್ಲೇ ಆ ಕೆಲಸ ಮುಗಿಸಬೇಕಿತ್ತು.

ಕುಡಿಯೋ ನೀರು ದುಡ್ಡು ಕೊಟ್ಟು ತಗೊಳ್ಬೇಕಾ?

ಬೇಡ. ರೋಮ್‌ನ ಅತಿ ಚಂದದ ವ್ಯವಸ್ಥೆ ಇದು. ಬೀದಿ ಬೀದಿಯಲ್ಲಿ ಎದೆಯೆತ್ತರದ ಎರಕದ ಕಂಬಗಳಿವೆ, ಅದರ ಬಾಗಿದ ಕೊಳವೆಯಿಂದ ಹಗಲೂ ರಾತ್ರಿ ನೀರು ಸುರಿಯುತ್ತದೆ. ಹೆಸರು ನಾಸೋನಿ, ಅಂದರೆ ದೊಡ್ಡ ಮೂಗು. 1874ರಿಂದ ಇವೆ. ಊರಲ್ಲಿ ಸುಮಾರು 2,500 ಇವೆಯಂತೆ. ದೂರದ ಬೆಟ್ಟದ ಚಿಲುಮೆಗಳ ನೀರು, ಕುಡಿಯಲು ಒಳ್ಳೆಯದು, ತಣ್ಣಗಿರುತ್ತದೆ.

ಬಗ್ಗಿ ಕುಡಿಯಬೇಕಾಗಿಲ್ಲ. ಕೊಳವೆಯ ಬಾಯಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ ಮೇಲಿನ ಬಾಗಿನಲ್ಲಿರುವ ಸಣ್ಣ ತೂತಿನಿಂದ ನೀರು ಕಮಾನಿನ ಹಾಗೆ ಚಿಮ್ಮುತ್ತದೆ. ಅದಕ್ಕೆ ಬಾಯಿ ಕೊಟ್ಟರೆ ಆಯಿತು. ಒಬ್ಬ ಅಜ್ಜ ಮಗಳಿಗೆ ಕೈಸನ್ನೆಯಲ್ಲೇ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಅವಳು ಎಲ್ಲರಿಗೂ ಕೊಳವೆ ಮುಚ್ಚಿ ನೀರು ಕೊಡುವ ಕೆಲಸ ತಾನೇ ವಹಿಸಿಕೊಂಡಳು. ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ಬಾಟಲಿ ಮನೆಯಿಂದಲೇ ತೆಗೆದುಕೊಂಡು ಹೋಗಿ.

ಹೆಂಗಸರಿಗೆ ಬಾತ್‌ರೂಮಿನ ವ್ಯವಸ್ಥೆ ಹೇಗೆ?

ಬೀದಿಯಲ್ಲಿ ಕಡಿಮೆ. ಕೊಲೋಸಿಯಂ ಒಳಗೆ ಇದೆ, ಸಾಲು ಉದ್ದ. ಉಳಿದ ಕಡೆ ಯಾವುದಾದರೂ ಕಾಫಿ ಬಾರ್‌ಗೆ ಹೋಗಿ ಒಂದು ಕಾಫಿ ತೆಗೆದುಕೊಂಡು ಅಲ್ಲಿನದನ್ನು ಬಳಸುವುದು. ಇದಕ್ಕೆ ಹೆದರಿ ಅತ್ತೆ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಊರಿನ ತುಂಬ ನೀರು ಹರಿಯುತ್ತಿದ್ದರೂ ಬಾಯಾರಿಕೊಂಡೇ ನಡೆದಿದ್ದರು. ನಮ್ಮ ಹಿರಿಯ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಗಂಟೆಗೊಮ್ಮೆ ನೀವೇ ಕೇಳಿ, ಕೇಳುವುದಕ್ಕಿಂತ ನೀವೇ ಕರೆದುಕೊಂಡು ಹೋಗಿ.

ಊಟಕ್ಕೆ ಏನು ಮಾಡಿದ್ರಿ? ಅನ್ನ ಸಿಗುತ್ತಾ?

ಬೆಳಗಿನ ತಿಂಡಿಗೆ ಮನೆಯಿಂದ ಒಯ್ದಿದ್ದ ಅಕ್ಕಿ ರೊಟ್ಟಿ, ಮಾವಿನ ಉಪ್ಪಿನಕಾಯಿ. ಮಧ್ಯಾಹ್ನ ತೂಕಕ್ಕೆ ಕತ್ತರಿಸಿ ಕೊಡುವ ಪಿಜ್ಜಾ, ಅದು ಬೇಗ ಸಿಗುತ್ತದೆ, ಮಕ್ಕಳೂ ತಿನ್ನುತ್ತಾರೆ. ಅನ್ನದ ಉಂಡೆ ಕರಿದು ಮಾಡುವ ಸುಪ್ಲಿ ಇದೆ. ಮಾಂಸ ತಿನ್ನದವರು ಕೇಳಿ ತೆಗೆದುಕೊಳ್ಳಿ, ಅದರಲ್ಲಿ ಹೆಚ್ಚಾಗಿ ಇರುತ್ತದೆ. ನಮಗೆಲ್ಲ ಹಿಡಿಸಿದ್ದು ಕಾಚೋ ಎ ಪೇಪೆ. ಚೀಸು ಮತ್ತು ಕರಿಮೆಣಸು ಎರಡೇ ಹಾಕಿ ಮಾಡುವ ಪಾಸ್ತಾ. ಬಾಯಿಗಿಟ್ಟ ಕೂಡಲೇ ಅತ್ತೆ "ನಮ್ಮ ಒಳ್ಳೆಮೆಣಸು" ಅಂದರು.

ರಾತ್ರಿ ಊಟದ ಹೋಟೆಲುಗಳು 7:30ಕ್ಕೆ ಮೊದಲು ತೆರೆಯುವುದು ಕಡಿಮೆ. ಆ ದಿನ ಹಸಿದ ಮಕ್ಕಳನ್ನು ಕಟ್ಟಿಕೊಂಡು ಒಂದು ಪ್ರಸಿದ್ಧ ಜಾಗದ ಎದುರಿನ ಹೋಟೆಲಿಗೆ ದರಪಟ್ಟಿ ನೋಡದೆ ನುಗ್ಗಿದೆವು. ಮೇಜಿಗೆ ತಂದಿಟ್ಟ ಬ್ರೆಡ್ಡಿಗೂ ಸೇರಿಸಿ ಬಿಲ್ಲು ಬಂತು. ಎರಡು ಬೀದಿ ಒಳಗೆ ಹೋದರೆ ಅದೇ ಊಟ ಕಡಿಮೆಗೆ ಸಿಗುತ್ತದೆ. ಮಧ್ಯಾಹ್ನ 4ಕ್ಕೆ ತಿನ್ನಲು ಚೀಲದಲ್ಲಿ ಚಕ್ಕುಲಿ, ಬಾಳೆಹಣ್ಣು ಇಟ್ಟುಕೊಳ್ಳಿ, ಆ ಅವಸರವೇ ಬರುವುದಿಲ್ಲ.

ಅಲ್ಲಿ ಕಾಫಿ ನಮ್ಮದರ ಹಾಗೆ ಇರುತ್ತಾ?

ಇಲ್ಲ. ಬೊಗಸೆಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಬಟ್ಟಲು, ಒಳಗೆ ಎರಡು ಗುಟುಕು. ಕೌಂಟರಿನ ಹತ್ತಿರ ನಿಂತೇ ಕುಡಿದು ಹೋಗುತ್ತಾರೆ. ಕೂತು ಕುಡಿದರೆ ಬೇರೆ ದರ. ನಮ್ಮವರು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ತುಂಬಾ ಹೊತ್ತು ನಿಂತರು. ಮೇಲೆ ದಪ್ಪ ಕಂದು ನೊರೆ. ಅಷ್ಟು ನೊರೆ ಬರಲಿ ಎಂದೇ ಅವರು ರೋಬಸ್ಟಾ ಬೆರೆಸುತ್ತಾರೆ ಎಂದು ಮಗನಿಗೆ ವಿವರಿಸಿದರು.

## ಮಕ್ಕಳು, ಹಿರಿಯರು

ಮಕ್ಕಳಿಗೆ ಬರೀ ಕಲ್ಲು ನೋಡಿ ಬೇಜಾರಾಗ್ಲಿಲ್ವಾ?

ಆಯಿತು. ಕೊಲೋಸಿಯಂ ಇಬ್ಬರಿಗೂ ಇಷ್ಟ. ಕ್ರಿ.ಶ. 80ರಲ್ಲಿ ಶುರುವಾದ ಆಟದ ಮೈದಾನ, ಪ್ರಾಣಿಗಳನ್ನು ಕೆಳಗಿನ ನೆಲಮಾಳಿಗೆಯಿಂದ ಮೇಲೆತ್ತುತ್ತಿದ್ದ ವ್ಯವಸ್ಥೆ, ಇದೆಲ್ಲ ಕಣ್ಣಿಗೆ ಕಾಣುತ್ತದೆ. ಆದರೆ ಫೋರಂನಲ್ಲಿ ಮುರಿದ ಕಂಬಗಳ ನಡುವೆ ಮಗ ಕೂತೇಬಿಟ್ಟ, ಏಳಲಿಲ್ಲ.

ಅವನನ್ನು ಎಬ್ಬಿಸಿದ್ದು ಮೆಣಸು. ಫೋರಂನ ಒಂದು ಬದಿಗೆ ಮೂರು ದೊಡ್ಡ ಕಮಾನುಗಳು ಉಳಿದಿರುವ ಮ್ಯಾಕ್ಸೆಂಟಿಯಸ್ ಕಟ್ಟಡ ಇದೆ. ಅದು ಬರುವ ಮೊದಲು ಆ ಜಾಗದಲ್ಲಿ ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಮೆಣಸಿನ ಉಗ್ರಾಣಗಳಿದ್ದವು. ಮಲಬಾರ್ ಕರಾವಳಿಯಿಂದ ಹಡಗಿನಲ್ಲಿ ಬಂದ ಮೆಣಸು, ಸಾಂಬಾರ ಪದಾರ್ಥ ಎಲ್ಲ ಅಲ್ಲಿ ಶೇಖರಣೆ ಆಗುತ್ತಿತ್ತು. ನಮ್ಮ ಘಟ್ಟದ ಇಳಿಜಾರಿನ ಬಳ್ಳಿಯದೇ ಜಾತಿ. "ನಮ್ಮ ಸ್ಟೋರ್ ರೂಮಿನ ಹಾಗೆ, ಆದ್ರೆ ಚಕ್ರವರ್ತಿದು" ಎಂದು ನಮ್ಮವರು ಹೇಳಿದ ಮೇಲೆ ಅವನು ಎದ್ದು ಹೋಗಿ ಗೋಡೆ ನೋಡಿದ. ಹೋಗುವ ಮೊದಲು ಮಕ್ಕಳಿಗೆ ಇಂಥ ಒಂದೆರಡು ಎಳೆ ಹುಡುಕಿಟ್ಟುಕೊಳ್ಳಿ. ಇಸವಿಗಳ ಪಟ್ಟಿಗಿಂತ ಅದು ಎಷ್ಟೋ ಮೇಲು.

ನಮ್ಮ ಅಮ್ಮನಿಗೆ ಮಂಡಿ ನೋವು. ಕರ್ಕೊಂಡು ಹೋಗ್ಬಹುದಾ?

ಹೋಗಬಹುದು, ಜಾಗ ಆರಿಸಿಕೊಳ್ಳಬೇಕು. ಪ್ಯಾಂಥಿಯನ್ ಮಂಡಿಗೆ ಕಷ್ಟ ಕೊಡುವುದಿಲ್ಲ. ಒಳಗೆ ಬೆಂಚುಗಳಿವೆ. ಸುಮಾರು 1,900 ವರ್ಷದ ಹಿಂದಿನ ಗುಮ್ಮಟ, 43 ಮೀಟರ್ ಅಗಲ, ನೆಲದಿಂದ ಎತ್ತರವೂ ಅಷ್ಟೇ. ನಡುನೆತ್ತಿಯಲ್ಲಿ ದುಂಡಗಿನ ಬಯಲು ಕಿಂಡಿ. ಮಳೆ ಬಂದರೆ ನೀರು ಒಳಗೇ ಬಿದ್ದು ನೆಲದ ತೂತುಗಳಲ್ಲಿ ಇಳಿದುಹೋಗುತ್ತದೆ. ಅತ್ತೆಗೆ ತವರಿನ ತೊಟ್ಟಿ ಮನೆ ನೆನಪಾಯಿತು. ಕಿಂಡಿಯಿಂದ ಇಳಿದ ಬಿಸಿಲಿನ ಬಿಲ್ಲೆ ಗೋಡೆ ಮೇಲೆ ಸರಿಯುವುದನ್ನು ನೋಡುತ್ತಾ ಕೂತರು. ಆ ದಿನ ಅವರ ಮುಖ ಅರಳಿದ್ದು ಅಲ್ಲಿ ಮಾತ್ರ, ಅಲ್ಲಿಂದಲೂ ಅವರನ್ನು ನಾನು ಎಬ್ಬಿಸಿಕೊಂಡು ಹೋದೆ.

ಕೊಲೋಸಿಯಂನಲ್ಲಿ ನಡೆಯಲು ಕಷ್ಟ ಇರುವವರಿಗೆ ಲಿಫ್ಟ್ ಇದೆ. ಪ್ಯಾಲಟೈನ್ ಗುಡ್ಡ ಬಿಡಿ. ಫೋರಂ ಒಳಗಿನ ಹಳೇ ರಸ್ತೆಯ ದೊಡ್ಡ ದೊಡ್ಡ ಹಾಸುಗಲ್ಲು ಮಂಡಿಗೆ ಆಗಿಬರುವುದಿಲ್ಲ. ಸ್ಪ್ಯಾನಿಷ್ ಮೆಟ್ಟಿಲು 135 ಇವೆ, 2019ರಿಂದ ಅದರ ಮೇಲೆ ಕೂರುವಂತಿಲ್ಲ. ಸುಸ್ತಾಗಿ ಬಂದವರಿಗೆ ಇದು ತಿಳಿದಿರಬೇಕು. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಗುಮ್ಮಟಕ್ಕೆ 551 ಮೆಟ್ಟಿಲು, ಲಿಫ್ಟ್ ಹಿಡಿದರೂ 320 ಹತ್ತಲೇಬೇಕು. ಅಮ್ಮ ಕೆಳಗೆ ಚರ್ಚಿನಲ್ಲೇ ಇರಲಿ.

ಜನರ ಮಧ್ಯೆ ಮಗ ಕಳೆದುಹೋಗಿದ್ನಂತೆ, ನಿಜನಾ?

ನಿಜ. ಟ್ರೆವಿ ಕಾರಂಜಿಯ ಹತ್ತಿರ, ಸಂಜೆ. ಮಡಿಕೇರಿ ದಸರಾ ರಾತ್ರಿಯ ಹಾಗೆ ಜನ. ಹಿಂದೆ ತಿರುಗಿದೆ, ಅವನಿಲ್ಲ. ಅವನ ಫೋನಿನಲ್ಲಿ ಅಲ್ಲಿನ ಸಿಮ್ ಇರಲಿಲ್ಲ. ಹದಿನೈದು ನಿಮಿಷ ನನ್ನ ಕೈ ನಡುಗುತ್ತಿತ್ತು. ಕೊನೆಗೆ ಅವನು ಸಿಕ್ಕಿದ್ದು ತಂಗಿಯ ಬೊಬ್ಬೆಗೆ ಪಟ್ಟಿ ತೆಗೆದುಕೊಂಡ ಮೆಡಿಕಲ್ ಶಾಪಿನ ಬಾಗಿಲಲ್ಲಿ. ಎಲ್ಲರಿಗೂ ಗೊತ್ತಿರುವ ಜಾಗ ಅದೊಂದೇ ಎಂದು ತಾನೇ ಯೋಚಿಸಿ ಅಲ್ಲಿ ಹೋಗಿ ನಿಂತಿದ್ದ. ಆಮೇಲಿಂದ ಪ್ರತಿ ಜಾಗಕ್ಕೆ ಹೋದ ಕೂಡಲೇ "ಕಳೆದುಹೋದ್ರೆ ಇಲ್ಲಿ" ಎಂದು ಒಂದು ಗುರುತು ತೋರಿಸಿ ಮುಂದೆ ಹೋಗುತ್ತಿದ್ದೆವು. ತುರ್ತು ಸಹಾಯದ ನಂಬರು 112, ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಇಷ್ಟೆಲ್ಲ ಆದ್ಮೇಲೆ ಜಗಳ ಆಗ್ಲಿಲ್ವಾ?

ಆಯಿತು, ಜೋರಾಗಿ. ಮಗ ಸಿಕ್ಕಿದ ಮೇಲೆ ವಾಪಸ್ ಹೋಗೋಣ ಅಂದರು ನಮ್ಮವರು. ಸ್ಪ್ಯಾನಿಷ್ ಮೆಟ್ಟಿಲು ಹತ್ತೇ ನಿಮಿಷ, ನೋಡಿಯೇ ಹೋಗೋಣ ಅಂದೆ ನಾನು. ಪಟ್ಟಿ ಮಾಡಿದವಳು ನಾನು, ಅದರಲ್ಲಿ ಒಂದು ಉಳಿದರೂ ಇಷ್ಟು ದುಡ್ಡು ಹಾಕಿ ಬಂದದ್ದು ದಂಡ ಅನ್ನಿಸುತ್ತಿತ್ತು. ಅತ್ತೆ ನಡುವೆ ಬಂದು "ನಂಗೇನಾಗಿಲ್ಲ, ನಡೀರಿ" ಅಂದರು. ಆ ಮಾತನ್ನು ನಾನು ನಂಬಬಾರದಿತ್ತು. ಮನೆಯ ಶಾಂತಿಗಾಗಿ ಹಿರಿಯರು ಹೇಳುವ ಮಾತು ಅದು. ಈಗ ನಮ್ಮ ಮನೆಯ ನಿಯಮ ಒಂದೇ. ಒಬ್ಬರು ಸಾಕು ಅಂದರೆ ಅವತ್ತಿಗೆ ಎಲ್ಲರಿಗೂ ಸಾಕು.

## ಇನ್ನೂ ಸ್ವಲ್ಪ ಆಳಕ್ಕೆ

ಟಿಕೆಟ್ ಊರಿಂದಲೇ ತಗೊಳ್ಬೇಕಾ?

ಕೊಲೋಸಿಯಂಗೆ ಹೌದು. ದೊಡ್ಡವರಿಗೆ 18 ಯೂರೋ, 18 ವರ್ಷದ ಒಳಗಿನವರಿಗೆ ಉಚಿತ, ಆದರೂ ಅವರ ಹೆಸರಲ್ಲೂ ಟಿಕೆಟ್ ಕಾದಿರಿಸಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ಬಾಗಿಲಲ್ಲಿ ನೋಡುತ್ತಾರೆ. ಆ ಟಿಕೆಟ್ಟಿನಲ್ಲೇ ಫೋರಂ, ಪ್ಯಾಲಟೈನ್ ಕೂಡ ಸೇರಿದೆ, 24 ಗಂಟೆ ನಡೆಯುತ್ತದೆ. ಹಾಗಾಗಿ ಮೂರನ್ನೂ ಒಂದೇ ಬೆಳಿಗ್ಗೆ ನೋಡಬೇಕಾಗಿಲ್ಲ. ಇವತ್ತು ಮಧ್ಯಾಹ್ನದ ಮೇಲೆ ಕೊಲೋಸಿಯಂ, ನಾಳೆ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಫೋರಂ. ಇದು ನಮಗೆ ಮೊದಲೇ ಹೊಳೆದಿದ್ದರೆ ಅರ್ಧ ಸುಸ್ತು ಉಳಿಯುತ್ತಿತ್ತು. ಪ್ಯಾಂಥಿಯನ್‌ಗೆ ನಾವು ಹೋದಾಗ 5 ಯೂರೋ ಇತ್ತು.

ನಡೆಯೋದು ಬಿಟ್ಟು ಬಸ್ಸು, ಮೆಟ್ರೋ ಯಾವಾಗ ಹಿಡೀಬೇಕು?

ಹೋಗುವಾಗ ನಡೆಯಿರಿ, ಬರುವಾಗ ಹತ್ತಿ. ಒಂದು ಟಿಕೆಟ್ 1.50 ಯೂರೋ, 100 ನಿಮಿಷ ಚಾಲ್ತಿ, ಹತ್ತು ವರ್ಷದ ಒಳಗಿನ ಮಕ್ಕಳಿಗೆ ಬೇಡ. ಸ್ಪ್ಯಾನಿಷ್ ಮೆಟ್ಟಿಲ ಬುಡದಲ್ಲೇ ಸ್ಪಾನ್ಯಾ ಮೆಟ್ರೋ ಇದೆ, ಅಲ್ಲಿಂದ ಟೆರ್ಮಿನಿಗೆ ಒಂದೇ ಗಾಡಿ. ನಾವು ಅದರ ಎದುರಿನಲ್ಲೇ ನಡೆದು ಹೋದೆವು.

ರಾತ್ರಿ ಕಾಲು ನೋವಿಗೆ ಏನು ಮಾಡಿದ್ರಿ?

ಅಲ್ಲಿನ ಬಾತ್‌ರೂಮಿನಲ್ಲಿ ಕಮೋಡಿನ ಪಕ್ಕ ಬಿಡೆ ಎಂಬ ಚಿಕ್ಕ ಪಿಂಗಾಣಿ ತೊಟ್ಟಿ ಇರುತ್ತದೆ, ಬಿಸಿನೀರಿನ ನಲ್ಲಿಯ ಜೊತೆ. ಮಾರನೇ ಬೆಳಿಗ್ಗೆ ಅದನ್ನು ಚೆನ್ನಾಗಿ ತೊಳೆದು, ಬಿಸಿನೀರು ತುಂಬಿ, ಅಂಗಡಿಯಿಂದ ತಂದ ಕಲ್ಲುಪ್ಪು ಹಾಕಿದೆ. ಅತ್ತೆ ಸ್ಟೂಲಿನ ಮೇಲೆ ಕೂತು ಕಾಲು ಇಟ್ಟರು. ಅಂಗಾಲು ಕೆಂಪಾಗಿ, ಚಪ್ಪಲಿ ಪಟ್ಟಿಯ ಗುರುತು ಹಾಗೇ ಇತ್ತು. ಒರೆಸಿ ಕೊಬ್ಬರಿ ಎಣ್ಣೆ ತಿಕ್ಕಿದೆ. ನೀರಲ್ಲಿ ಕಾಲಿಟ್ಟಾಗಲೇ ರಾತ್ರಿ 2:30ಕ್ಕೆ ಎದ್ದು ಕೂತಿದ್ದ ವಿಷಯ ಹೇಳಿದ್ದು.

ಕೊನೆಗೂ ಅತ್ತೆಗೆ ಅಲ್ಲಿ ಇಷ್ಟವಾದದ್ದು ಏನು?

ಗಂಗೆ. ಮಾರನೇ ದಿನ ಪಟ್ಟಿ ಬಿಟ್ಟು, ಸಂಜೆ ಬಸ್ಸಿನಲ್ಲಿ ನವೋನಾ ಚೌಕಕ್ಕೆ ಮಾತ್ರ ಹೋದೆವು. ನಡುವೆ ಬೆರ್ನಿನಿ ಎಂಬ ಶಿಲ್ಪಿ ಮಾಡಿದ, 1651ರಲ್ಲಿ ಮುಗಿದ ಕಾರಂಜಿ ಇದೆ. ನಾಲ್ಕು ಖಂಡಗಳ ನಾಲ್ಕು ನದಿಗಳು: ನೈಲ್, ಡ್ಯಾನ್ಯೂಬ್, ಲಾ ಪ್ಲಾಟಾ, ನಮ್ಮ ಗಂಗೆ. ಕೈಯಲ್ಲಿ ಉದ್ದನೆಯ ಹುಟ್ಟು ಹಿಡಿದು ಕೂತಿರುವುದು ಗಂಗೆ. ಮಗಳು ಓದಿ ಹೇಳಿದಾಗ ಅತ್ತೆ ಎದ್ದು ಹತ್ತಿರ ಹೋಗಿ ನೋಡಿದರು. "ಗಂಗಮ್ಮನಿಗೆ ಗಡ್ಡ ಯಾಕೆ?" ಎಂದು ಕೇಳಿದರು. ಆ ಕಡೆ ನದಿಗಳನ್ನು ಗಂಡಸರ ರೂಪದಲ್ಲಿ ಕೆತ್ತುವ ಪದ್ಧತಿ ಎಂದು ಹೇಳಿದೆ. ಅವರು ಕೈ ಮುಗಿದರು.

ಆಮೇಲೆ ಎದುರಿನ ಕಲ್ಲಿನ ಬೆಂಚಿನಲ್ಲಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತುಲಾ ತಿಂಗಳಲ್ಲಿ ಗಂಗೆಯೂ ಕಾವೇರಿಯಲ್ಲಿ ಮೀಯಲು ಬರುವ ಕಥೆ ಹೇಳಿದರು. ತಲಕಾವೇರಿಯ ತೀರ್ಥ, ಭಾಗಮಂಡಲದ ಸಂಗಮ ಎಲ್ಲ ಬಂತು. ಒಂದೂವರೆ ಗಂಟೆ ಅಲ್ಲೇ ಇದ್ದೆವು. ಹಿಂದಿನ ದಿನವೂ ಆ ಕಾರಂಜಿಯ ಮುಂದೆ ಐದು ನಿಮಿಷ ನಿಂತಿದ್ದೆವು. ಆಗ ತೆಗೆದ ಫೋಟೋ ಹುಡುಕಿ ನೋಡಿದೆ. ಐದೂ ಜನ ಇದ್ದೇವೆ, ಹಿಂದೆ ನೈಲ್ ನದಿ ಇದೆ. ಗಂಗೆ ಆ ಕಡೆಗೆ ಇದ್ದಾಳೆ.